ಕೊಳೆರೋಗ ಬೂಷ್ಟಲ್ಲ, ಬೂಷ್ಟಿನ ಔಷಧಿ ಅದಕ್ಕೆ ನಾಟುವುದಿಲ್ಲ

ಪ್ರತಿ ಮಳೆಗಾಲ ಅಡಿಕೆ ಬೆಳೆಗಾರರು ಕೇಳುವ ಪ್ರಶ್ನೆ ಒಂದೇ: "ಎಲೆಚುಕ್ಕಿಗೆ ಹೊಡೆದ ಔಷಧಿ ಚೆನ್ನಾಗಿ ಕೆಲಸ ಮಾಡಿತ್ತಲ್ಲ, ಅದನ್ನೇ ಗೊನೆಗೂ ಹೊಡೆದೆವು, ಕೊಳೆ ಯಾಕೆ ನಿಲ್ಲಲಿಲ್ಲ?"

ಎಲೆಚುಕ್ಕಿ ತರುವುದು ಶಿಲೀಂಧ್ರ. ಕೊಳೆ ತರುವ ಫೈಟೋಫ್ತೋರಾ ಶಿಲೀಂಧ್ರವೇ ಅಲ್ಲ. ಬಿಳಿ ಎಳೆ ಬಿಡುತ್ತದೆ, ಬೂಷ್ಟಿನಂತೆ ಕಾಣುತ್ತದೆ, ಸಾಮ್ಯ ಅಷ್ಟಕ್ಕೇ ಮುಗಿಯಿತು. ವಂಶಾವಳಿ ಹಿಡಿದು ನೋಡಿದರೆ ಅಣಬೆ ಮನುಷ್ಯನಿಗೆ ಹತ್ತಿರ, ಫೈಟೋಫ್ತೋರಾ ಕಡಲಿನ ಕಂದು ಪಾಚಿಗೆ ಹತ್ತಿರ. ಇದು ಪಂಡಿತರ ವರ್ಗೀಕರಣದ ಜಗಳವಲ್ಲ, ನಿಮ್ಮ ಡ್ರಮ್ಮಿಗೆ ಏನು ಸುರಿಯಬೇಕು ಎಂಬುದು ಇದರ ಮೇಲೇ ನಿಂತಿದೆ.

ಪ್ರೋಪಿಕೊನಜೋಲ್, ಟೆಬುಕೊನಜೋಲ್, ಹೆಕ್ಸಾಕೊನಜೋಲ್, ಈ 'ಜೋಲ್'ಗಳೆಲ್ಲ ಮಾಡುವುದು ಒಂದೇ ಕೆಲಸ. ಶಿಲೀಂಧ್ರ ತನ್ನ ಕೋಶಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ಎಂಬ ಸ್ಟೆರಾಲ್ (ಕೊಬ್ಬಿನಂಥ ವಸ್ತು) ತಯಾರಿಸುವಾಗ ಬಳಸುವ ಒಂದು ಕಿಣ್ವವನ್ನು ಅವು ಹಿಡಿದು ನಿಲ್ಲಿಸುತ್ತವೆ. 2006ರಲ್ಲಿ ಸೋಯಾಬೀನ್ ಮತ್ತು ಓಕ್ ಮರಗಳ ಫೈಟೋಫ್ತೋರಾಗಳ ಜೀನೋಮ್, ಅಂದರೆ ಜೀನ್‌ಗಳ ಪೂರ್ತಿ ನಕ್ಷೆ, ಪ್ರಕಟವಾಯಿತು. ಆ ಕಿಣ್ವದ ಜೀನ್ ಅವುಗಳಲ್ಲಿ ಇಲ್ಲವೇ ಇಲ್ಲ. ಫೈಟೋಫ್ತೋರಾ ಸ್ಟೆರಾಲನ್ನು ತಾನು ಬೇಯಿಸಿಕೊಳ್ಳುವುದಿಲ್ಲ, ಗಿಡದ್ದನ್ನೇ ಉಣ್ಣುತ್ತದೆ. ಒಲೆಯೇ ಹೂಡದ ಮನೆಗೆ ಹೋಗಿ ಒಲೆಗೆ ನೀರು ಹೊಯ್ದರೆ ಯಾರ ಊಟ ತಪ್ಪೀತು? ಕಾರ್ಬೆಂಡಜಿಮ್ ಎಂಬ ಇನ್ನೊಂದು ಶಿಲೀಂಧ್ರನಾಶಕದ ಕಥೆಯೂ ಬೇರೆಯಲ್ಲ, ಅದೂ ಶಿಲೀಂಧ್ರಕ್ಕೆ ಮಾತ್ರ ನಾಟುತ್ತದೆ.

ಹೆಸರಿನ ಗೊಂದಲವೂ ಇದೆ. ಕಾಫಿ ತೋಟದವರು ಕೊಳೆರೋಗ ಎನ್ನುವುದು ನಿಜವಾದ ಶಿಲೀಂಧ್ರದ ಕಾಟ. ಅದರ ವೈಜ್ಞಾನಿಕ ಹೆಸರಿನಲ್ಲೇ 'ಕೊಳೆರೋಗ' ಎಂಬ ಕನ್ನಡ ಪದ ಸೇರಿಕೊಂಡಿದೆ. ಅಲ್ಲಿ ಕಾರ್ಬೆಂಡಜಿಮ್ ಕೆಲಸ ಮಾಡುತ್ತದೆ. ಕಾಫಿ ಬೆಳೆಯುವ ನೆಂಟರ ಮಾತು ಕೇಳಿ ಅಡಿಕೆಗೂ ಅದನ್ನೇ ಹೊಡೆದರೆ ದುಡ್ಡು ಮಳೆನೀರಿನ ಜೊತೆ ಹೋಯಿತು.

ಕಾಳುಮೆಣಸಿನ ಶೀಘ್ರ ಸೊರಗು ರೋಗಕ್ಕೂ ಫೈಟೋಫ್ತೋರಾವೇ ಕಾರಣ, ಅಲ್ಲಿ ಈ ತಪ್ಪು ಇನ್ನೂ ದುಬಾರಿ. ಬೇಸಿಗೆಯಲ್ಲಿ ಕಷ್ಟಪಟ್ಟು 90 ಕಿಲೋ ಕೊಟ್ಟಿಗೆ ಗೊಬ್ಬರ, 10 ಕಿಲೋ ಬೇವಿನ ಹಿಂಡಿಗೆ ಒಂದೆರಡು ಕಿಲೋ ಟ್ರೈಕೋಡರ್ಮಾ (ರೋಗಾಣುವನ್ನು ತಡೆಯುವ ಉಪಕಾರಿ ಜೀವಿ) ಬೆರೆಸಿ, ನೆರಳಲ್ಲಿ ಹದವಾದ ತೇವದಲ್ಲಿ ಎರಡು ವಾರ ಬೆಳೆಸಿ ಬುಡಕ್ಕೆ ಹಾಕಿರುತ್ತಾರೆ. ಜೂನ್‌ನಲ್ಲಿ ಎಲೆ ಹಳದಿಯಾಯಿತೆಂದು ಅದೇ ಬುಡಕ್ಕೆ ಕಾರ್ಬೆಂಡಜಿಮ್ ಸುರಿಯುತ್ತಾರೆ. ಟ್ರೈಕೋಡರ್ಮಾ ಅಪ್ಪಟ ಶಿಲೀಂಧ್ರ. ಕಳ್ಳನಿಗೆ ಏನೂ ಆಗಲಿಲ್ಲ, ಕಾವಲಿನ ನಾಯಿ ಸತ್ತಿತು. ಬುಡಕ್ಕೆ ಸುರಿಯಲೇಬೇಕಾದರೆ ಲೀಟರಿಗೆ 2 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್, ಬಳ್ಳಿಗೆ 5ರಿಂದ 10 ಲೀಟರ್. ತಾಮ್ರವೂ ಟ್ರೈಕೋಡರ್ಮಾಗೆ ಒಳ್ಳೆಯದಲ್ಲ, ಎರಡರ ನಡುವೆ ಎರಡು ಮೂರು ವಾರ ಬಿಡಿ. ರೋಗ ಜೋರಾಗಿದ್ದರೆ ಮೆಟಲಾಕ್ಸಿಲ್-ಮ್ಯಾಂಕೋಜೆಬ್ ಮಿಶ್ರಣ ಲೀಟರಿಗೆ 1.25 ಗ್ರಾಂ. ಮೆಟಲಾಕ್ಸಿಲನ್ನೇ ಮತ್ತೆ ಮತ್ತೆ ನೆಚ್ಚಬೇಡಿ. 1977ರಲ್ಲಿ ಮಾರುಕಟ್ಟೆಗೆ ಬಂದ ಈ ಔಷಧಿಗೆ ಐರ್ಲೆಂಡ್ ಮತ್ತು ನೆದರ್ಲೆಂಡ್ಸ್‌ನ ಆಲೂಗಡ್ಡೆ ಅಂಗಮಾರಿ (ಅದೂ ಫೈಟೋಫ್ತೋರಾವೇ) 1980ಕ್ಕೇ ಬಗ್ಗದಾಯಿತು. ಅದಕ್ಕೆ ಒಂದು ಜೀನಿನಲ್ಲಿ ಒಂದಕ್ಷರ ಬದಲಾದರೂ ಸಾಕಾಗಬಹುದು.

ಹಾಗಾದರೆ ಮೈಲುತುತ್ತ, ಸುಣ್ಣ ಬೆರೆಸಿದ ಹಳೇ ಬೋರ್ಡೋ ದ್ರಾವಣ ಯಾಕೆ ಇನ್ನೂ ಕೆಲಸ ಮಾಡುತ್ತದೆ? ಫೈಟೋಫ್ತೋರಾದ ಈಜುವ ಬೀಜಾಣುವಿಗೆ ಕೋಶಭಿತ್ತಿಯೇ ಇಲ್ಲ. ಎರಡು ಬಾಲ ಬಡಿಯುತ್ತಾ ಕಾಯಿಯ ಮೇಲಿನ ನೀರಿನ ಪದರದಲ್ಲಿ ಬರಿಮೈಯಲ್ಲಿ ಈಜುತ್ತದೆ. ಆ ನೀರಿನಲ್ಲಿ ಚೂರು ತಾಮ್ರ ಕರಗಿದ್ದರೂ ಅದು ಸಾಯುತ್ತದೆ. ತಾಮ್ರ ಒಂದೇ ಕಿಣ್ವಕ್ಕೆ ಅಂಟಿಕೊಂಡು ಕೂರುವುದಿಲ್ಲ, ಸಿಕ್ಕಿದ್ದನ್ನೆಲ್ಲ ಕೆಡಿಸುತ್ತದೆ. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿಗೆ ಈ ದ್ರಾವಣ ಹುಟ್ಟಿದ್ದೂ ಇದೇ ಬಳಗದ ಇನ್ನೊಂದು ರೋಗಾಣುವಿನ ವಿರುದ್ಧ. ಆದರೆ ಒಳಹೊಕ್ಕ ರೋಗವನ್ನು ಅದು ವಾಸಿ ಮಾಡದು. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುಂಚೆ, ಎರಡನೆಯದು 40–45 ದಿನಕ್ಕೆ.

ಬೋರ್ಡೋ ಕೈಕೊಟ್ಟಿತು ಎನ್ನುವವರ ತೋಟದಲ್ಲಿ ಮೊದಲು ನೋಡಬೇಕಾದ್ದು ಸುಣ್ಣದ ಚೀಲ. ಕಳೆದ ವರ್ಷದ್ದು, ಬಾಯಿ ಬಿಚ್ಚಿದ್ದು, ಗಾಳಿಗೆ ತಾನೇ ಪುಡಿಯಾದದ್ದು ಅರ್ಧ ಸೀಮೆಸುಣ್ಣವೇ ಆಗಿರುತ್ತದೆ. ತೂಕ 1 ಕಿಲೋ ಇದ್ದರೂ ಸತ್ವ ಇರುವುದಿಲ್ಲ. ಹೊಸ ಸುಟ್ಟ ಸುಣ್ಣ 1 ಕಿಲೋ ಅರಳಿಸಿ, ಸೋಸಿ 50 ಲೀಟರಿಗೆ, ಮೈಲುತುತ್ತ 1 ಕಿಲೋ ಬೇರೆ 50 ಲೀಟರಿಗೆ. ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ. ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಸುರಿಯಿರಿ, ತಿರುಗಮುರುಗ ಮಾಡಿದರೆ ಕಣ ದಪ್ಪಗಾಗಿ ತಳಕ್ಕಿಳಿಯುತ್ತದೆ. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಬಿಡಿಯಾಗಿದೆ, ಎಳೆ ಕಾಯಿ ಸುಡುತ್ತದೆ, ಸುಣ್ಣದ ನೀರು ಇನ್ನಷ್ಟು ಹಾಕಿ. ಮಾಡಿದ ದಿನವೇ ಮುಗಿಸಿ.

ಈಗ ಜೀನ್ ಪರೀಕ್ಷೆಗೂ ಮಾದರಿ ಕಳಿಸುವವರಿದ್ದಾರೆ, ಸಂತೋಷ. ಆದರೆ ಪೂರ್ತಿ ಕೊಳೆತು ನಾರುವ ಕಾಯಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕಳಿಸಿದರೆ ವರದಿಯಲ್ಲಿ ಫ್ಯುಸೇರಿಯಮ್ ಎಂಬ ಬೇರೆ ಶಿಲೀಂಧ್ರದ ಹೆಸರು ಬರಬಹುದು. ಯಂತ್ರ ಸುಳ್ಳು ಹೇಳಿಲ್ಲ, ಹೆಣದ ಮೇಲೆ ಆಮೇಲೆ ಬಂದು ಕೂತದ್ದನ್ನು ಓದಿದೆ ಅಷ್ಟೆ. ನೀರುಂಡಂಥ ಕಡುಹಸಿರು ಮಚ್ಚೆ ಈಗಷ್ಟೇ ಶುರುವಾದ, ಉಳಿದರ್ಧ ಗಟ್ಟಿಯಿರುವ ಕಾಯಿ ಆರಿಸಿ, ಕಾಗದದಲ್ಲಿ ಸುತ್ತಿ, ಒಂದೆರಡು ದಿನದೊಳಗೆ ತಲುಪಿಸಿ. ಪೊಟ್ಟಣದ ಮೇಲೆ ಕೊನೆಯ ಸಿಂಪಡಣೆ ಯಾವತ್ತು, ಏನು ಹೊಡೆದದ್ದು ಎಂದು ಬರೆಯಿರಿ. ನಿನ್ನೆ ತಾಮ್ರ ಬಿದ್ದ ಕಾಯಿಯಿಂದ ಪ್ರಯೋಗಾಲಯದಲ್ಲಿ ರೋಗಾಣು ಬೆಳೆಸುವ ತಟ್ಟೆಯಲ್ಲಿ ಏನೂ ಬೆಳೆಯದಿದ್ದರೆ ಅದನ್ನು ರೋಗವಿಲ್ಲ ಎಂದು ಓದಿಕೊಳ್ಳುವ ಅಪಾಯವಿದೆ.