ಎರ್ಬಕಾನ್: ಬೋರ್ಡ್ ಬದಲಾದರೂ ಬದಲಾಗದ ಪಕ್ಷ

ಪರೀಕ್ಷೆಗೆ ಟರ್ಕಿಯ ರಾಜಕೀಯ ಓದುವವರಿಗೆ ಅಲ್ಲಿನ ಇಸ್ಲಾಮ್‌ವಾದಿ ನಾಯಕ, ಮಾಜಿ ಪ್ರಧಾನಿ ನೆಜ್ಮೆತ್ತಿನ್ ಎರ್ಬಕಾನ್ ಹೆಸರು ಮೊದಮೊದಲು ತಲೆನೋವು. ಒಬ್ಬನೇ ಮನುಷ್ಯ, ಐದು ಪಕ್ಷಗಳು. ಅದರಲ್ಲಿ ನಾಲ್ಕನ್ನು ಸೈನ್ಯವೋ ಕೋರ್ಟೋ ಮುಚ್ಚಿಸಿದೆ. ಹೆಸರುಗಳನ್ನು ಬಾಯಿಪಾಠ ಮಾಡಲು ಹೋಗಬೇಡಿ. ಪ್ರತಿ ಸಲ ಮುಚ್ಚಿದಾಗ ಕಾರ್ಯಕರ್ತರು ಎಲ್ಲಿಗೆ ಹೋದರು ಅಂತ ನೋಡಿ. ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹುಟ್ಟಿದ್ದು 1926ರಲ್ಲಿ, ಕಪ್ಪು ಸಮುದ್ರದ ದಡದ ಸಿನೋಪ್‌ನಲ್ಲಿ. ಇವರು ಮದರಸಾದಿಂದ ಬಂದ ಮೌಲ್ವಿ ಅಲ್ಲ, ಮೆಕ್ಯಾನಿಕಲ್ ಎಂಜಿನಿಯರ್. ಇಸ್ತಾಂಬುಲ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದಿ, ಜರ್ಮನಿಯ ಆಖೆನ್‌ನಲ್ಲಿ ಡಾಕ್ಟರೇಟ್ ಮಾಡಿ, ಡಾಯ್ಟ್ಸ್ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ವಾಪಸ್ ಬಂದು 1956ರಲ್ಲಿ ಗ್ಯುಮ್ಯುಶ್ ಮೋಟಾರ್ ಅನ್ನೋ ಡೀಸೆಲ್ ಎಂಜಿನ್ ಕಂಪನಿ ಶುರು ಮಾಡುವುದರಲ್ಲಿ ಮುಂದೆ ನಿಂತರು. ಅವರ ಭಾಷಣಗಳಲ್ಲಿ ನಮಾಜಿನಷ್ಟೇ ಭಾರೀ ಕೈಗಾರಿಕೆಯ ಮಾತೂ ಏಕೆ ಬರುತ್ತಿತ್ತು ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಪಶ್ಚಿಮದ ಯಂತ್ರ ಬೇಕು, ಪಶ್ಚಿಮದ ಹಂಗು ಬೇಡ. ಅವರ ರಾಜಕೀಯದ ತಿರುಳು ಇಷ್ಟೇ.

1969ರಲ್ಲಿ ದೇಶದ ವಾಣಿಜ್ಯ ಮಂಡಳಿಗಳ ಒಕ್ಕೂಟದ ಅಧ್ಯಕ್ಷರಾದರು. ಅನಾತೋಲಿಯಾದ, ಅಂದರೆ ಟರ್ಕಿಯ ಒಳನಾಡಿನ, ಸಣ್ಣ ವ್ಯಾಪಾರಿಗಳ ಬೆಂಬಲ ಇತ್ತು. ದೊಡ್ಡ ಉದ್ಯಮಿಗಳಿಗೆ ಮತ್ತು ಪ್ರಧಾನಿ ಸುಲೇಮಾನ್ ದೆಮಿರೆಲ್ ಸರ್ಕಾರಕ್ಕೆ ಅದು ಹಿಡಿಸಲಿಲ್ಲ. ಕುರ್ಚಿ ಹೋಯಿತು. ಅದೇ ವರ್ಷ ದೆಮಿರೆಲ್ ಪಕ್ಷದ ಟಿಕೆಟ್ ಕೂಡ ಸಿಗಲಿಲ್ಲ. ಸರಿ ಅಂತ ಕೊನ್ಯಾದಿಂದ ಪಕ್ಷೇತರರಾಗಿ ನಿಂತು ಗೆದ್ದರು. ದೆಮಿರೆಲ್ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತಾರೆ.

1970ರಲ್ಲಿ ಮೊದಲ ಪಕ್ಷ, ರಾಷ್ಟ್ರೀಯ ವ್ಯವಸ್ಥಾ ಪಕ್ಷ. ಮರುವರ್ಷವೇ ಸಂವಿಧಾನ ನ್ಯಾಯಾಲಯ ಮುಚ್ಚಿಸಿತು. 1972ರಲ್ಲಿ ಅದೇ ಜನ ರಾಷ್ಟ್ರೀಯ ವಿಮೋಚನಾ ಪಕ್ಷ ಕಟ್ಟಿದರು. 1973ರ ಚುನಾವಣೆಯಲ್ಲಿ 48 ಸ್ಥಾನ ಬಂತು. ಆಮೇಲೆ ಎರ್ಬಕಾನ್ ಕೈಜೋಡಿಸಿದ್ದು ಯಾರ ಜೊತೆ ಗೊತ್ತಾ? ಗಣರಾಜ್ಯದ ಸ್ಥಾಪಕ ಅತಾತುರ್ಕ್ ಕಟ್ಟಿದ, ಕಟ್ಟಾ ಸೆಕ್ಯುಲರ್ ಅನ್ನಿಸಿಕೊಂಡ ಪಕ್ಷದ ಬುಲೆಂತ್ ಎಜೆವಿತ್ ಜೊತೆ. 1974ರಲ್ಲಿ ಸೈಪ್ರಸ್‌ಗೆ ಸೈನ್ಯ ಕಳಿಸಿದ್ದು ಈ ಸರ್ಕಾರವೇ, ಎರ್ಬಕಾನ್ ಆಗ ಉಪಪ್ರಧಾನಿ. ಮುಂದೆ ದೆಮಿರೆಲ್ ಸರ್ಕಾರಗಳಲ್ಲೂ ಅದೇ ಹುದ್ದೆ. ಇವರನ್ನು ಬರೀ ಹಠವಾದಿ ಅಂತ ಬರೆಯುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ.

1980ರ ಸೆಪ್ಟೆಂಬರ್ 12ರಂದು ಸೈನ್ಯ ಅಧಿಕಾರ ಹಿಡಿಯಿತು. ಎಲ್ಲ ಪಕ್ಷಗಳೂ ಬಂದ್. ಎರ್ಬಕಾನ್‌ಗೆ ಜೈಲು, ವಿಚಾರಣೆ, ರಾಜಕೀಯ ನಿಷೇಧ. 1987ರ ಜನಮತಗಣನೆಯಲ್ಲಿ ಕೂದಲೆಳೆಯ ಅಂತರದಲ್ಲಿ ಆ ನಿಷೇಧ ಹೋಯಿತು. ಅಷ್ಟರಲ್ಲಿ ಅವರ ಜನ 1983ರಲ್ಲೇ ರೆಫಾಹ್, ಅಂದರೆ ಕಲ್ಯಾಣ ಪಕ್ಷವನ್ನು ಶುರು ಮಾಡಿದ್ದರು.

ನನ್ನ ಪ್ರಕಾರ ಎರ್ಬಕಾನ್ ಅವರ ನಿಜವಾದ ಸಾಧನೆ ರೆಫಾಹ್‌ನ ಸಂಘಟನೆ. ಹಳ್ಳಿ ಬಿಟ್ಟು ಇಸ್ತಾಂಬುಲ್, ಅಂಕಾರಾದ ಅಂಚಿನಲ್ಲಿ ಮನೆ ಕಟ್ಟಿಕೊಂಡವರ ಓಣಿಗಳಿಗೆ ಕಾರ್ಯಕರ್ತರು ಹೋದರು. ಸ್ಕಾರ್ಫ್ ತೊಟ್ಟ ಹೆಂಗಸರು ಮನೆಮನೆಗೆ ಹೋಗಿ ಕಷ್ಟಸುಖ ಕೇಳಿದರು. ಅಷ್ಟೆಲ್ಲ ದುಡಿದ ಹೆಂಗಸರಲ್ಲಿ ಒಬ್ಬರಿಗೂ 1995ರಲ್ಲಿ ಸಂಸತ್ತಿಗೆ ಟಿಕೆಟ್ ಕೊಡಲಿಲ್ಲ ಅನ್ನುವುದೂ ಟಿಪ್ಪಣಿಯಲ್ಲಿ ಇರಲಿ. 1994ರಲ್ಲಿ ಇಸ್ತಾಂಬುಲ್, ಅಂಕಾರಾ ಎರಡೂ ನಗರಸಭೆ ರೆಫಾಹ್ ಕೈಗೆ ಬಂದವು. ಇಸ್ತಾಂಬುಲ್ ಮೇಯರ್ ಆದವರು ರಿಜೆಪ್ ತಯ್ಯಿಪ್ ಎರ್ಡೊಗನ್, ಸಿಕ್ಕಿದ್ದು ಸುಮಾರು ಕಾಲುಭಾಗ ಮತ. ಉಳಿದ ಮತ ಹರಿದು ಹಂಚಿಹೋಗಿತ್ತು.

1995ರ ಡಿಸೆಂಬರ್‌ನಲ್ಲಿ ಶೇ. 21.4 ಮತ, 550ರಲ್ಲಿ 158 ಸ್ಥಾನ. ರೆಫಾಹ್ ಮೊದಲ ಸ್ಥಾನಕ್ಕೆ ಬಂತು. 1996ರ ಜೂನ್ 28ರಂದು ಮಾಜಿ ಪ್ರಧಾನಿ ತಾನ್ಸು ಚಿಲ್ಲೆರ್ ಪಕ್ಷದ ಜೊತೆ ಸೇರಿ ಎರ್ಬಕಾನ್ ಪ್ರಧಾನಿಯಾದರು. ಬೈಯುತ್ತಲೇ ಬಂದಿದ್ದ ಇಸ್ರೇಲ್ ಜೊತೆಗಿನ ಸೇನಾ ಒಪ್ಪಂದಗಳು ಮುರಿಯಲಿಲ್ಲ, ಮುಂದುವರಿದವು. ಇನ್ನೊಂದು ಕಡೆ ಇರಾನ್, ಲಿಬಿಯಾ ಪ್ರವಾಸ. ಲಿಬಿಯಾದಲ್ಲಿ ಗಡಾಫಿ ಅತಿಥಿಯ ಎದುರಲ್ಲೇ ಕುರ್ದ್ ವಿಷಯ ಎತ್ತಿ ಟರ್ಕಿಯನ್ನು ತರಾಟೆಗೆ ತೆಗೆದುಕೊಂಡರು. ದೇಶದಲ್ಲಿ ಮರ್ಯಾದೆ ಹೋಯಿತು.

1997ರ ಮೊದಲ ತಿಂಗಳುಗಳನ್ನು ನಿಧಾನವಾಗಿ ಓದಿ. ಜನವರಿಯಲ್ಲಿ ಪ್ರಧಾನಿ ನಿವಾಸದಲ್ಲಿ ಇಫ್ತಾರ್ ಕೂಟ. ಪೇಟ, ನಿಲುವಂಗಿ ತೊಟ್ಟ ಸೂಫಿ ಪಂಥಗಳ ಗುರುಗಳು ಕಾರಿಂದ ಇಳಿಯುವ ಚಿತ್ರ ಪತ್ರಿಕೆಗಳಲ್ಲೆಲ್ಲ ಬಂತು. ಈ ಪಂಥಗಳಿಗೆ 1925ರಿಂದಲೇ ಕಾನೂನಿನ ನಿಷೇಧ ಇದೆ! ತಿಂಗಳ ಕೊನೆಗೆ ಅಂಕಾರಾ ಪಕ್ಕದ ಸಿಂಜಾನ್‌ನಲ್ಲಿ ರೆಫಾಹ್ ಮೇಯರ್ ಪ್ಯಾಲೆಸ್ಟೀನ್ ಬೆಂಬಲಕ್ಕೆ 'ಜೆರುಸಲೇಮ್ ರಾತ್ರಿ' ನಡೆಸಿದರು. ಇರಾನ್ ರಾಯಭಾರಿ ಭಾಷಣ ಮಾಡಿದರು. ಫೆಬ್ರವರಿ 4ರ ಬೆಳಿಗ್ಗೆ ಅದೇ ಊರಿನ ಬೀದಿಯಲ್ಲಿ ಟ್ಯಾಂಕ್‌ಗಳು ಸಾಲಾಗಿ ಹೋದವು. ಸುಮ್ನೆ ತರಬೇತಿಗೆ ಅಂದಿತು ಸೈನ್ಯ. ಯಾರೂ ನಂಬಲಿಲ್ಲ. ಫೆಬ್ರವರಿ 28ರಂದು ಸೇನಾ ಮುಖ್ಯಸ್ಥರೂ ಇದ್ದ ರಾಷ್ಟ್ರೀಯ ಭದ್ರತಾ ಮಂಡಳಿಯ ಸಭೆ ಗಂಟೆಗಟ್ಟಲೆ ನಡೆಯಿತು. ಕಡ್ಡಾಯ ಶಿಕ್ಷಣ ಎಂಟು ವರ್ಷಕ್ಕೆ ಏರಬೇಕು ಅನ್ನುವುದೂ ಸೇರಿ 18 ಕ್ರಮಗಳ ಪಟ್ಟಿ ಸರ್ಕಾರದ ಮುಂದೆ ಬಂತು. ಆ ಶಿಕ್ಷಣದ ಅಂಶ ಜಾರಿಯಾದರೆ ಇಮಾಮ್ ಹತಿಪ್ ಅನ್ನೋ ಧಾರ್ಮಿಕ ಶಾಲೆಗಳ ಮಾಧ್ಯಮಿಕ ತರಗತಿಗಳು ಉಳಿಯುವಂತಿರಲಿಲ್ಲ. ಎರ್ಬಕಾನ್ ಸಹಿ ಹಾಕಿದರು. ಜೂನ್ 18ರಂದು ರಾಜೀನಾಮೆ ಕೊಟ್ಟರು, ಚಿಲ್ಲೆರ್‌ಗೆ ಪ್ರಧಾನಿಯಾಗುವ ಅವಕಾಶ ಸಿಗುತ್ತದೆ ಅನ್ನೋ ಲೆಕ್ಕದಲ್ಲಿ. ರಾಷ್ಟ್ರಪತಿ ಕರೆದದ್ದು ವಿರೋಧ ಪಕ್ಷದ ಮೆಸುತ್ ಯಿಲ್ಮಾಜ್ ಅವರನ್ನು. ಆ ರಾಷ್ಟ್ರಪತಿ ದೆಮಿರೆಲ್.

1998ರ ಜನವರಿಯಲ್ಲಿ ರೆಫಾಹ್ ಬಂದ್. ಎರ್ಬಕಾನ್‌ಗೆ ಐದು ವರ್ಷ ನಿಷೇಧ. ನಾಲ್ಕನೇ ಪಕ್ಷ ಫಜಿಲೆತ್, 2001ರ ಜೂನ್‌ನಲ್ಲಿ ಅದೂ ಬಂದ್. ಈ ಸಲ ಮಾತ್ರ ಎಲ್ಲರೂ ಒಟ್ಟಿಗೆ ಹೊಸ ಬೋರ್ಡ್ ಹಾಕಲಿಲ್ಲ. ಹಿರಿಯರು ಸಾದೆತ್ ಪಕ್ಷಕ್ಕೆ ಹೋದರು. ಎರ್ಡೊಗನ್, ಅಬ್ದುಲ್ಲಾ ಗುಲ್ ಎಕೆಪಿ, ಅಂದರೆ ನ್ಯಾಯ ಮತ್ತು ಅಭಿವೃದ್ಧಿ ಪಕ್ಷ ಕಟ್ಟಿ, ಯುರೋಪ್ ಒಕ್ಕೂಟ ಬೇಕು ಅಂದರು. ಓಣಿಯ ಕಾರ್ಯಕರ್ತರು ಬಹುಪಾಲು ಇವರ ಹಿಂದೆ ನಡೆದರು. ಎರ್ಬಕಾನ್ ಕೊನೆತನಕ ಈ ಶಿಷ್ಯರನ್ನು ಟೀಕಿಸುತ್ತಲೇ ಇದ್ದರು. ಪಕ್ಷದ ಹಣದ ಪ್ರಕರಣದಲ್ಲಿ ಅವರಿಗೆ ಶಿಕ್ಷೆಯಾಗಿತ್ತು. 2008ರಲ್ಲಿ ಉಳಿದ ಶಿಕ್ಷೆ ಮನ್ನಾ ಮಾಡಿದವರು ರಾಷ್ಟ್ರಪತಿಯಾಗಿದ್ದ ಗುಲ್. ಎರ್ಬಕಾನ್ 2011ರ ಫೆಬ್ರವರಿ 27ರಂದು ತೀರಿಕೊಂಡರು.

ಪರೀಕ್ಷೆಗೆ ಜಾಸ್ತಿ ಉಪಯೋಗಕ್ಕೆ ಬರುವುದು ರೆಫಾಹ್ ತೀರ್ಪು. ಪಕ್ಷ ಮುಚ್ಚಿದ್ದನ್ನು ಪ್ರಶ್ನಿಸಿ ಎರ್ಬಕಾನ್ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2003ರ ಫೆಬ್ರವರಿ 13ರಂದು ಮಹಾಪೀಠ ಒಮ್ಮತದಿಂದ ಟರ್ಕಿಯ ಕ್ರಮವನ್ನು ಎತ್ತಿಹಿಡಿಯಿತು. ಧರ್ಮಕ್ಕೊಂದು ಕಾನೂನು ಅನ್ನುವ ಯೋಜನೆ, ಷರಿಯಾ ತರುವ ಇರಾದೆ, ಬಲಪ್ರಯೋಗದ ದಾರಿಯನ್ನು ಮುಚ್ಚದೇ ಇದ್ದದ್ದು, ಈ ಮೂರು ಕಾರಣ ಕೊಟ್ಟಿತು. ಅಧಿಕಾರ ಹಿಡಿಯುವಷ್ಟು ಪಕ್ಷ ಬೆಳೆದಿದ್ದರಿಂದ ಅಪಾಯ ಬರೀ ಊಹೆಯಲ್ಲ ಅಂತಲೂ ಹೇಳಿತು. ತೀರ್ಪು ಬಂದ ದಿನ ಟರ್ಕಿಯ ಪ್ರಧಾನಿ ಅಬ್ದುಲ್ಲಾ ಗುಲ್. ರೆಫಾಹ್‌ನ ಮಾಜಿ ಸಂಸದ, ಎರ್ಬಕಾನ್ ಸಂಪುಟದಲ್ಲಿ ಸಚಿವರಾಗಿದ್ದವರು.