ಕೆಸರಿನಲ್ಲಿ ಟ್ರ್ಯಾಕ್ಟರಿನ ಮುಂದಿನ ಗಾಲಿ ಯಾಕೆ ಮಾತು ಕೇಳುವುದಿಲ್ಲ?

ಕೆಸರಲ್ಲಿ ಟ್ರ್ಯಾಕ್ಟರ್ ಓಡಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಹೊಲದ ಮೂಲೆ ಬಂತು, ಸ್ಟೇರಿಂಗ್ ಕೊನೆವರೆಗೂ ತಿರುಗಿಸಿದ್ದಾಯಿತು, ಮುಂದಿನ ಎರಡೂ ಗಾಲಿ ಪೂರ್ತಿ ಎಡಕ್ಕೆ ತಿರುಗಿ ನಿಂತಿವೆ. ಟ್ರ್ಯಾಕ್ಟರ್ ಮಾತ್ರ ನೆಟ್ಟಗೆ ಮುಂದಕ್ಕೇ ಹೋಗುತ್ತಿದೆ. ಗಾಲಿಗಳು ಉರುಳುವುದನ್ನು ಬಿಟ್ಟು ಅಡ್ಡಡ್ಡ ಜಾರುತ್ತಾ, ತಮ್ಮೆದುರು ಕೆಸರಿನ ಗುಡ್ಡೆ ತಳ್ಳಿಕೊಂಡು ಹೋಗುತ್ತಿವೆ.

ಮುಂದಕ್ಕೂ ಹಿಂದಿನಂಥದ್ದೇ ದಪ್ಪ ಹಲ್ಲಿನ ಟೈರ್ ಹಾಕಿಬಿಡೋಣ ಅಂತ ಅನ್ನಿಸುವುದು ಆಗಲೇ. ದುಡ್ಡು ಬಿಚ್ಚುವ ಮೊದಲು ಒಂದು ವಿಷಯ ನೋಡಿ. ನಿಮ್ಮ ಟ್ರ್ಯಾಕ್ಟರ್ ಟೂ ವೀಲ್ ಡ್ರೈವ್ ಆಗಿದ್ದರೆ ಮುಂದಿನ ಗಾಲಿಗೆ ಎಂಜಿನ್ನಿನ ಶಕ್ತಿ ಬರುವುದೇ ಇಲ್ಲ. ಅದು ಎಳೆಯುವ ಗಾಲಿ ಅಲ್ಲ, ಹಿಂದಿನಿಂದ ತಳ್ಳಿಸಿಕೊಂಡು ಹೋಗುವ ಗಾಲಿ. ಭಾರ ಹೊರಬೇಕು, ದಿಕ್ಕು ಹಿಡಿಯಬೇಕು, ಅಷ್ಟೇ ಅದರ ಕೆಲಸ.

ದಿಕ್ಕು ಹಿಡಿಯುವುದು ಅಂದರೇನು ಅಂತ ಕೈಯಲ್ಲೇ ನೋಡಬಹುದು. ಒಂದು ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಹಸಿ ಮಣ್ಣಿಗೆ ಒಂದಿಂಚು ಒತ್ತಿ. ಉದ್ದಕ್ಕೆ ಎಳೆದರೆ ಚಾಕುವಿನ ಹಾಗೆ ಸಲೀಸಾಗಿ ಬರುತ್ತದೆ. ಈಗ ಅಡ್ಡಕ್ಕೆ ತಳ್ಳಿ. ಪಕ್ಕದ ಮಣ್ಣೆಲ್ಲ ಗೋಡೆಯಂತೆ ಎದುರು ನಿಲ್ಲುತ್ತದೆ, ಅಲ್ವಾ? ಮುಂದಿನ ಟೈರಿನ ಸುತ್ತಲೂ ಓಡುವ ಉಬ್ಬುಗೆರೆ, ಅಂದರೆ ರಿಬ್, ಮಾಡುವುದು ಇದನ್ನೇ. ಮುಂದಕ್ಕೆ ಉರುಳಲು ತಡೆ ಕಮ್ಮಿ, ಪಕ್ಕಕ್ಕೆ ಜಾರಲು ತಡೆ ಜಾಸ್ತಿ. ಓರೆ ಹಲ್ಲಿನ ಟೈರಿನಲ್ಲಿ ಈ ಗೆರೆ ತುಂಡುತುಂಡಾಗಿರುತ್ತದೆ, ಹಾಗಾಗಿ ಶಕ್ತಿ ಬಾರದ ಗಾಲಿಗೆ ಅದನ್ನು ಹಾಕಿದರೆ ತಿರುವಿನಲ್ಲಿ ಹಿಡಿತ ಹೋಗುತ್ತದೆ, ಮೇಲಾಗಿ ರಸ್ತೆಯಲ್ಲಿ ಗಡಗಡ ಅಂತ ಅದುರು ಬೇರೆ.

ಈ ಉಪಾಯ ಟ್ರ್ಯಾಕ್ಟರಿನ ರಬ್ಬರ್ ಟೈರಿಗಿಂತ ಹಳೆಯದು. ಅಮೆರಿಕದ ಅಲಿಸ್ ಚಾಮರ್ಸ್ ಕಂಪನಿಯ ಮಾಡೆಲ್ ಯು ಟ್ರ್ಯಾಕ್ಟರಿಗೆ ಗಾಳಿ ತುಂಬುವ ಟೈರ್ ಬಂದದ್ದು 1932ರಲ್ಲಿ. ಅದಕ್ಕೂ ಮೊದಲಿನ ಕಬ್ಬಿಣದ ಮುಂದಿನ ಗಾಲಿಗಳಲ್ಲೂ ಅಂಚಿನ ನಟ್ಟನಡುವೆ ಸುತ್ತಲೂ ಒಂದು ಉಬ್ಬುಪಟ್ಟಿ ಇರುತ್ತಿತ್ತು, ಅದೂ ದಿಕ್ಕು ಹಿಡಿಯಲೆಂದೇ.

ರಿಬ್ ಟೈರುಗಳಲ್ಲೂ ವ್ಯತ್ಯಾಸವಿದೆ. ಸಾಮಾನ್ಯವಾಗಿ ಕಾಣುವುದು ಎಫ್-2 ಎಂಬ ಗುರುತಿನ ಮಾದರಿ, ಮೂರು ಗೆರೆಯದ್ದು. ಹೆಚ್ಚಿನ ಕೆಲಸಕ್ಕೆ ಇದು ಸಾಕು. ಆದರೆ ಅಂಟು ಮಣ್ಣಿನಲ್ಲಿ ಗೆರೆಗಳ ನಡುವಿನ ಸಂದಿ ತುಂಬಿಬಿಡುತ್ತದೆ. ಹೊಲದಿಂದ ಹೊರಗೆ ಬಂದ ಮೇಲೆ ಟೈರ್ ನೋಡಿ. ಗೆರೆಗಳೆಲ್ಲ ಮುಚ್ಚಿಹೋಗಿ ಬರೀ ಮಣ್ಣಿನ ಉರುಳೆಯಂತೆ ಕಂಡರೆ, ಒಳಗೆ ಅಷ್ಟು ಹೊತ್ತೂ ನೀವು ನುಣುಪು ಟೈರಿನಲ್ಲೇ ಓಡಿಸಿದ್ದೀರಿ ಅಂತ ಅರ್ಥ. ಅಂಥ ಕಡೆಗೆ ಎಫ್-1 ಇದೆ. ನಡುವೆ ಒಂದೇ ಒಂದು ಎತ್ತರದ ಗೆರೆ, ಮಣ್ಣು ಕಚ್ಚಿಕೊಳ್ಳಲು ಸಂದಿಯೇ ಇಲ್ಲ. ಗಟ್ಟಿ ರಸ್ತೆಯಲ್ಲಿ ಮಾತ್ರ ಭಾರವೆಲ್ಲ ಆ ಒಂದೇ ಗೆರೆಯ ಮೇಲೆ ಬೀಳುವುದರಿಂದ ಬೇಗ ಸವೆಯುತ್ತದೆ. ಅರ್ಧ ದಿನ ರಸ್ತೆಯಲ್ಲೇ ಟ್ರೇಲರ್ ಎಳೆಯುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಇನ್ನು ಹೂತುಹೋಗುವ ಮಾತು. ಕೆಸರಲ್ಲಿ ಗಾಲಿ ಯಾವಾಗಲೂ ತಾನೇ ಮಾಡಿದ ಗುಂಡಿಯಿಂದ ಮೇಲೆ ಹತ್ತುತ್ತಿರುತ್ತದೆ. ಚಿಕ್ಕ ಗಾಲಿಗೆ ಆ ಏರು ಕಡಿದಾಗಿರುತ್ತದೆ, ದೊಡ್ಡ ಗಾಲಿಗೆ ಸಲೀಸಾಗಿರುತ್ತದೆ. ಅದಕ್ಕೇ ಬರೀ ಅಗಲ ಹೆಚ್ಚಿಸುವುದಕ್ಕಿಂತ ಎತ್ತರ ಹೆಚ್ಚಿಸುವುದು ಜಾಸ್ತಿ ಪ್ರಯೋಜನ. ಅಗಲದ ಟೈರ್ ಮೇಲೆ ತೇಲಿದರೆ ಒಳ್ಳೆಯದೇ, ಆದರೆ ಒಮ್ಮೆ ಹೂತರೆ ಅಷ್ಟೇ ಅಗಲದ ಕೆಸರನ್ನು ತಳ್ಳಬೇಕಲ್ಲ. ಟೈರಿನ ಮೇಲಿನ ಅಳತೆಯಲ್ಲಿ ಮೊದಲ ಅಂಕಿ ಅಗಲದ್ದು, ಎರಡನೆಯದು ರಿಮ್ಮಿನದು. 6.00-16ರಿಂದ 7.50-16ಕ್ಕೆ ಹೋದರೆ ರಿಮ್ಮಿನ ಅಳತೆ ಅದೇ 16 ಇಂಚು, ಟೈರ್ ಮಾತ್ರ ಅಗಲವೂ ಆಗುತ್ತದೆ, ಎತ್ತರವೂ ಆಗುತ್ತದೆ. ಆ ರಿಮ್ಮಿನ ಅಗಲಕ್ಕೆ ಅದು ಕೂರುತ್ತದಾ, ಪೂರ್ತಿ ತಿರುಗಿಸಿದಾಗ ಎಲ್ಲಾದರೂ ತಾಗುತ್ತದಾ ಅಂತ ನೋಡಿಕೊಳ್ಳಿ.

ಗಾಳಿಯ ಲೆಕ್ಕವೂ ಇದೆ. ಟೈರ್ ನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಮ್ಮಿ ಒಳಗಿನ ಗಾಳಿಯ ಒತ್ತಡದಷ್ಟೇ, ಟೈರಿನ ಗಟ್ಟಿತನದಿಂದ ಸ್ವಲ್ಪ ಜಾಸ್ತಿ. ಅಂದರೆ ಗಾಳಿ ಇಳಿಸಿದರೆ ಹೂಳುವುದು ಕಮ್ಮಿ. ಹಾಗಂತ ಮನಸ್ಸಿಗೆ ಬಂದಷ್ಟು ಇಳಿಸಬೇಡಿ. ಟೈರ್ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಭಾರಕ್ಕೆ ಹೇಳಿದ್ದಕ್ಕಿಂತ ಕೆಳಗೆ ಹೋದರೆ ಪಕ್ಕದ ಗೋಡೆ ಮಡಚಿ ಮಡಚಿ ಹಾಳಾಗುತ್ತದೆ. ಹಿಂದೆ ಭಾರದ ಉಪಕರಣ ಎತ್ತಿದಾಗ ಮೂತಿ ಹಗುರಾಗಿ ಜಾರುತ್ತಿದ್ದರೆ ಅದು ಟೈರಿನ ತಪ್ಪಲ್ಲ, ಮುಂದೆ ತೂಕ ಹಾಕಬೇಕು.

ಫೋರ್ ವೀಲ್ ಡ್ರೈವ್ ಆದರೆ ಲೆಕ್ಕವೇ ಬೇರೆ. ಅಲ್ಲಿ ಮುಂದಿನ ಗಾಲಿಯೂ ಎಳೆಯುತ್ತದೆ, ಹಲ್ಲು ಬೇಕೇ ಬೇಕು. ಆರ್-1 ಎಂಬ ಗುರುತಿನ ಸಾಮಾನ್ಯ ಹಲ್ಲಿನ ಟೈರಿಗಿಂತ ಆರ್-1ಡಬ್ಲ್ಯು ಟೈರಿನ ಹಲ್ಲು ಸುಮಾರು ಕಾಲು ಭಾಗ ಹೆಚ್ಚು ಆಳ. ನೀರು ನಿಂತ ಭತ್ತದ ನೆಲಕ್ಕೆ ಅಂತಲೇ ಇರುವ ಆರ್-2ನ ಹಲ್ಲು ಸುಮಾರು ಎರಡು ಪಟ್ಟು. ಇಲ್ಲಿ ಮನಸ್ಸಿಗೆ ಬಂದ ಅಳತೆ ಹಾಕುವಂತಿಲ್ಲ. ಮುಂದಿನ ಗಾಲಿ ಹಿಂದಿನದಕ್ಕಿಂತ ಸ್ವಲ್ಪವೇ, ಸಾಮಾನ್ಯವಾಗಿ ನೂರಕ್ಕೆ 1ರಿಂದ 5ರಷ್ಟು, ವೇಗವಾಗಿ ಓಡುವಂತೆ ಗೇರುಗಳನ್ನು ಕೂರಿಸಿರುತ್ತಾರೆ. ಹಿಂದೆ ಸವೆದ ಟೈರ್ ಇಟ್ಟುಕೊಂಡು ಮುಂದೆ ಮಾತ್ರ ಹೊಸದು, ಅದೂ ಎತ್ತರದ್ದು ಹಾಕಿದರೆ ಈ ಅಂತರ ಹಿಗ್ಗುತ್ತದೆ. ಕೆಸರಿನಲ್ಲಿ ಗಾಲಿ ಜಾರಿ ಸರಿಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಗಟ್ಟಿ ರಸ್ತೆಯಲ್ಲಿ ಜಾರಲು ಜಾಗವಿಲ್ಲ, ಮುಂದಿನ ಮತ್ತು ಹಿಂದಿನ ಗಾಲಿಗಳು ಒಂದಕ್ಕೊಂದು ಎಳೆದಾಡಿ ಗೇರು, ಟೈರು ಎರಡನ್ನೂ ತಿನ್ನುತ್ತವೆ. ರಸ್ತೆಗೆ ಬಂದ ಕೂಡಲೇ ಫೋರ್ ವೀಲ್ ಲಿವರ್ ಬಿಡಿಸಿ ಅನ್ನುವುದು ಇದಕ್ಕೇ.