ಬಂದರಿನಿಂದ ಎತ್ತಿದ ಹೂಳು ಎಲ್ಲಿಗೆ ಹೋಗ್ತದೆ

ಅಳಿವೆ ಬಾಗಿಲಿನ ಹೂಳು, ನದಿಯ ಮರಳು ದಿಬ್ಬ, ಬಂದರಿನ ಡ್ರೆಜ್ಜಿಂಗ್ (ಹೂಳೆತ್ತುದು), ಉಳ್ಳಾಲದ ಕಡಲ್ಕೊರೆತ, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ ನಿಯಮ), ಹಸಿರು ಪೀಠ (ಪರಿಸರದ ಕೇಸು ನೋಡುವ ನ್ಯಾಯಪೀಠ). ನಮ್ಮ ಕರಾವಳಿಯ ಪೇಪರ್‌ಗಳಲ್ಲಿ ಇಷ್ಟೂ ಶಬ್ದ ಕೆಲವೊಮ್ಮೆ ಒಂದೇ ಸುದ್ದಿಯಲ್ಲಿ ಬಂದು ಹೋಗ್ತವೆ. ಓದಿ ಮುಗಿಸುವಾಗ ಯಾವುದು ಯಾರ ಕೆಲಸ, ಯಾವುದಕ್ಕೆ ಪರ್ಮಿಷನ್ ಬೇಕು, ಯಾವುದಕ್ಕೆ ಬೇಡ ಅಂತ ತಲೆ ಕೆಡ್ತದೆ. ನನಗೂ ಕೆಟ್ಟಿತ್ತು, ಹಾಗಾಗಿ ಒಮ್ಮೆ ಕೂತು ಹಿಂದಿನಿಂದ ನೋಡಿಕೊಂಡು ಬಂದೆ.

ಮೊದಲು ಎರಡು ಸಂಗತಿ ಬೇರೆ ಮಾಡುವ. ಬೆಂಗ್ರೆ ಮತ್ತು ಉಳ್ಳಾಲದ ನಡುವೆ ನೇತ್ರಾವತಿ, ಫಲ್ಗುಣಿ ಎರಡೂ ಒಂದೇ ಬಾಗಿಲಲ್ಲಿ ಕಡಲು ಸೇರ್ತವೆ, ಅಲ್ಲಿ ಮರಳು ಕಟ್ಟಿದ್ರೆ ದಕ್ಕೆಗೆ ಬರುವ ಬೋಟಿಗೆ ತಳ ಬಡೀತದೆ, ಅಲೆ ಜೋರಿದ್ದ ದಿವಸ ಆದ್ರೆ ಮಗುಚುವುದೂ ಉಂಟು. ಇದು ಮಂಗಳೂರಿನ ಹಳೇ ಬಂದರಿನ ಕತೆ. ಪಣಂಬೂರಿನ ನವಮಂಗಳೂರು ಬಂದರಿನದ್ದು ಬೇರೆ. ಅಲ್ಲಿ ನದಿಯೇ ಬಂದು ಬೀಳುದಿಲ್ಲ, ನೆಲ ಕೊರೆದು ಕೆರೆಯ ಹಾಗೆ ಮಾಡಿದ ಬಂದರು ಅದು. 1974ರ ಮೇ 4ಕ್ಕೆ ದೇಶದ 9ನೇ ಮೇಜರ್ ಪೋರ್ಟ್ ಅಂತ ಘೋಷಣೆ ಆಯ್ತು, 1975ರ ಜನವರಿ 11ಕ್ಕೆ ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದ್ರು, ಆಮೇಲೆ ಕುದುರೆಮುಖದ ಅದಿರಿಗೆ ದೊಡ್ಡ ಹಡಗು ಬರ್ಬೇಕು ಅಂತ ಇನ್ನೂ ಆಳ ಮಾಡಿದ್ರು. ಈಗ ಸಮುದ್ರದೊಳಗೆ ಸುಮಾರು 7.5 ಕಿ.ಮೀ. ಉದ್ದದ ಚಾನೆಲ್ ಉಂಟು, ಆಳ 15 ಮೀಟರಿಗೂ ಹೆಚ್ಚು. ಸುತ್ತ ಇರುವ ಕಡಲತಳ ಅಷ್ಟು ಆಳ ಇಲ್ಲ. ಅಂದ್ರೆ ಕಡಲಿನ ಅಡಿಯಲ್ಲಿ ಒಂದು ಉದ್ದದ ಗುಂಡಿ ತೋಡಿ ಇಟ್ಟ ಹಾಗೆ. ಗುಂಡಿ ತೋಡಿದ್ರೆ ತುಂಬ್ತದೆ, ಅದಕ್ಕೆ ಎಂಜಿನಿಯರಿಂಗ್ ಓದ್ಬೇಕಂತ ಇಲ್ಲ, ಆಟಿಯ ಮಳೆಗೆ ತೋಟದ ಕಣಿ ತುಂಬುದು ನೋಡಿದವರಿಗೆ ಸಾಕು. ಮಳೆಗಾಲದ ಅಲೆ ಅಡಿಯ ಕೆಸರನ್ನು ಕದಡಿ ಕದಡಿ ಚಾನೆಲ್‌ಗೆ ತಂದು ಹಾಕ್ತದೆ. ಮಳೆ ಬಿಟ್ಟ ಮೇಲೆ ಡ್ರೆಜ್ಜರ್ ಬರ್ಬೇಕು. ವರ್ಷ ವರ್ಷವೂ.

ಈ ಡ್ರೆಜ್ಜರ್ ಹೇಗೆ ಕೆಲಸ ಮಾಡ್ತದೆ ಅಂತ ಗೊತ್ತಿಲ್ಲದೆ ಕಾನೂನಿನ ಜಗಳ ಅರ್ಥ ಆಗುದಿಲ್ಲ. ಚಾನೆಲ್‌ನಲ್ಲಿ ಹೆಚ್ಚಾಗಿ ಓಡುದು ಹೀರುವ ಜಾತಿಯದ್ದು: ಹಡಗಿನ ಬದಿಯಿಂದ ದಪ್ಪ ಪೈಪು ಕೆಳಗಿಳಿಸಿ, ಮೆಲ್ಲ ಮುಂದೆ ಹೋಗ್ತಾ, ಅಡಿಯ ಕೆಸರನ್ನು ನೀರಿನ ಸಮೇತ ಹೀರಿ ಹೊಟ್ಟೆಯೊಳಗಿನ ಹಾಪರ್ ಅನ್ನುವ ತೊಟ್ಟಿಗೆ ತುಂಬಿಸ್ತದೆ. ತುಂಬುವಾಗ ಮೇಲಿನ ನೀರು ಹೊರಗೆ ಚೆಲ್ತದೆ, ಆ ನೀರಿನ ಒಟ್ಟಿಗೆ ನುಣ್ಣನೆಯ ಕೆಸರೂ ಹೋಗ್ತದೆ, ಹಿಂದೆ ಕಂದು ಬಣ್ಣದ ಬಾಲ ಕಾಣ್ತದಲ್ಲ ಅದು ಅದೇ. ಹಾಪರ್ ತುಂಬಿದ ಮೇಲೆ ಗುರುತು ಮಾಡಿದ ಜಾಗಕ್ಕೆ ಹೋಗಿ ತಳದ ಬಾಗಿಲು ತೆರೆದ್ರೆ ಎಲ್ಲ ಕೆಳಗೆ. ಕೆಲವು ನಿಮಿಷದ ಕೆಲಸ. ಪುನಃ ವಾಪಸ್, ಪುನಃ ತುಂಬಿಸು. ಡಂಪಿಂಗ್ ಜಾಗ ದೂರ ಇದ್ದಷ್ಟು ಡೀಸೆಲ್ ಖರ್ಚು, ಟ್ರಿಪ್ ಕಮ್ಮಿ. ಹತ್ತಿರ ಇದ್ದಷ್ಟು ಹೂಳು ಅಲೆಗೆ ಸಿಕ್ಕಿ ಪುನಃ ಚಾನೆಲ್‌ಗೋ ಮೀನು ಹಿಡಿಯುವ ಜಾಗಕ್ಕೋ ಬರುವ ಸಾಧ್ಯತೆ ಜಾಸ್ತಿ. ಲೆಕ್ಕದ ಇಡೀ ಜಗ್ಗಾಟ ಇಲ್ಲಿ ಉಂಟು.

ಈಗ ಹಿಂದಕ್ಕೆ ಹೋಗುವ. 1908ರ ಇಂಡಿಯನ್ ಪೋರ್ಟ್ಸ್ ಆಕ್ಟ್‌ನ 21ನೇ ಸೆಕ್ಷನ್‌ನಲ್ಲಿ ಬಂದರಿನ ನೀರಿಗೆ ನಿಲುಭಾರ, ಕಸ, ದಿಬ್ಬ ಕಟ್ಟಬಹುದಾದ ಯಾವ ವಸ್ತುವನ್ನೂ ಕಾರಣ ಇಲ್ಲದೆ ಎಸೆಯಬಾರದು ಅಂತ ಇತ್ತು. ಬ್ರಿಟಿಷರ ಚಿಂತೆ ಹಡಗಿನ ತಳಕ್ಕೆ ಪೆಟ್ಟಾಗಬಾರದು ಅಂತ, ಮೀನಿನದ್ದಲ್ಲ. ಬಂದರಿನ ಗಡಿ ದಾಟಿ ಹೊರಗೆ ಹೋಗಿ ಸುರಿದ್ರೆ ಅದು ಯಾರ ತಲೆನೋವೂ ಆಗಿರಲಿಲ್ಲ, ಬೇರೆ ದೇಶಗಳಲ್ಲಿಯೂ ಹೆಚ್ಚು ಕಮ್ಮಿ ಹೀಗೇ.

ಜಗತ್ತಿಗೆ ಚುರುಕು ಮುಟ್ಟಿದ್ದು 1971ರಲ್ಲಿ. ರಾಟರ್‌ಡ್ಯಾಮ್‌ನಿಂದ ಸ್ಟೆಲ್ಲಾ ಮಾರಿಸ್ ಅನ್ನುವ ಹಡಗು ಕ್ಲೋರಿನ್ ರಾಸಾಯನಿಕದ ತ್ಯಾಜ್ಯ ತುಂಬಿಕೊಂಡು ಉತ್ತರದ ಕಡಲಿಗೆ ಸುರಿಲಿಕ್ಕೆ ಹೊರಟಿತ್ತು, ಸುತ್ತಲ ದೇಶಗಳಲ್ಲಿ ಗಲಾಟೆಯಾಗಿ ಸುರಿಯದೆ ವಾಪಸ್ ಬಂತು. ಮರುವರ್ಷ ಯುರೋಪಿನವರದ್ದು ಓಸ್ಲೊ ಒಪ್ಪಂದ, ಅದೇ ವರ್ಷದ ಕೊನೆಗೆ ಇಡೀ ಜಗತ್ತಿಗೆ ಲಂಡನ್ ಕನ್ವೆನ್ಷನ್. ಅದರಲ್ಲಿ ಒಂದು ಕಪ್ಪು ಪಟ್ಟಿ, ಒಂದು ಬೂದು ಪಟ್ಟಿ: ಇಂಥದ್ದು ಹಾಕಲೇಬಾರದು, ಇಂಥದ್ದು ಸ್ಪೆಷಲ್ ಪರ್ಮಿಟ್ ತಗೊಂಡು ಹಾಕ್ಬಹುದು. 1996ರ ಪ್ರೋಟೊಕಾಲ್ ಇದನ್ನು ತಿರುಗಿಸಿ ಹಾಕ್ತು, ಏನೂ ಹಾಕ್ಬಾರದು, ಈ ಪಟ್ಟಿಯಲ್ಲಿ ಇರುವುದನ್ನು ಮಾತ್ರ ಪರೀಕ್ಷೆ ಮಾಡಿ ಹಾಕ್ಬಹುದು ಅಂತ. ಆ ಪಟ್ಟಿಯ ಮೊದಲ ಹೆಸರೇ ಡ್ರೆಜ್ಜಿಂಗ್ ಹೂಳು. ಯಾಕಂದ್ರೆ ಲೋಕದಲ್ಲಿ ಕಡಲಿಗೆ ಪರ್ಮಿಟ್ ಪಡೆದು ಹಾಕುವ ವಸ್ತುಗಳಲ್ಲಿ ದೊಡ್ಡ ಪಾಲು ಅದರದ್ದೇ, ನಿಲ್ಲಿಸಿದ್ರೆ ಬಂದರುಗಳೇ ನಿಲ್ತವೆ.

ಆ ಕನ್ವೆನ್ಷನ್‌ಗೆ ಸೇರಿದ ದೇಶಗಳಲ್ಲಿ ಕಡಲೇ ಕಾಣದ ಅಫ್ಘಾನಿಸ್ತಾನ ಉಂಟು, ಬೊಲಿವಿಯಾ ಉಂಟು, ಹಂಗೇರಿ ಉಂಟು. ಪಕ್ಕದ ಪಾಕಿಸ್ತಾನವೂ ಉಂಟು. ಇಷ್ಟುದ್ದ ಕರಾವಳಿ ಇಟ್ಟುಕೊಂಡ ನಮ್ಮ ಹೆಸರಿಲ್ಲ. ಹಾಗಂತ ನಮಗೆ ಪೂರ್ತಿ ಸಂಬಂಧ ಇಲ್ಲ ಅಂತಲೂ ಹೇಳುವ ಹಾಗಿಲ್ಲ, 1995ರಲ್ಲಿ ನಾವು ಒಪ್ಪಿಕೊಂಡ ವಿಶ್ವಸಂಸ್ಥೆಯ ಕಡಲ ಕಾನೂನಿನ 210ನೇ ವಿಧಿ ಪ್ರಕಾರ ಕಡಲಿಗೆ ಸುರಿಯುವ ಬಗ್ಗೆ ದೇಶದೊಳಗಿನ ಕಾನೂನು ಜಾಗತಿಕ ನಿಯಮಕ್ಕಿಂತ ಸಡಿಲ ಇರಬಾರದು. ಬಾಗಿಲಿಂದ ಬರದೆ ಕಿಟಕಿಯಿಂದ ಬಂದ ಜವಾಬ್ದಾರಿ ಅಂತ ಇಟ್ಟುಕೊಳ್ಳಿ.

ನಮ್ಮ ದೇಶದಲ್ಲಿ 1991ರ ಸಿಆರ್‌ಝಡ್ ಬಂತು. ಎಲ್ಲರೂ ಕಡಲಿಗೆ ಕಾನೂನು ಬಂತು ಅಂತ ತಿಳ್ಕೊಂಡ್ರು, ಆದ್ರೆ ಅದು ಇದ್ದದ್ದು ದಡಕ್ಕೆ. ಉಬ್ಬರದ ಗೆರೆಯಿಂದ 500 ಮೀಟರ್ ಒಳಗೆ, ಮತ್ತೆ ಉಬ್ಬರ-ಇಳಿತದ ನಡುವಿನ ಜಾಗ, ಅಷ್ಟೇ. ನೀರು ಅದರ ಹೊರಗೆ. ಕಡಲ ಬದಿಯಲ್ಲಿ ಮನೆಗೆ ಒಂದು ಕೋಣೆ ಜಾಸ್ತಿ ಕಟ್ಲಿಕ್ಕೆ ಮೀನುಗಾರರು ಆಫೀಸಿಂದ ಆಫೀಸಿಗೆ ತಿರುಗುವಾಗ ಅವರ ಕಣ್ಣೆದುರಿನ ನೀರಿಗೆ ಏನು ಬಿದ್ರೂ ಆ ಅಧಿಸೂಚನೆ ಕೇಳ್ತಿರಲಿಲ್ಲ. ಸಾಲದ್ದಕ್ಕೆ ಬಂದರಿನ ಚಾನೆಲ್ ಕ್ಲೀನ್ ಮಾಡುದು, ಮರಳು ದಿಬ್ಬ ಕಟ್ಟದ ಹಾಗೆ ನೋಡುದು, ಇದಕ್ಕೆಲ್ಲ ಅದರಲ್ಲೇ ವಿನಾಯಿತಿ ಇತ್ತು. 12 ನಾಟಿಕಲ್ ಮೈಲಿವರೆಗಿನ ನೀರು ಸಿಆರ್‌ಝಡ್ ಒಳಗೆ ಬಂದದ್ದು 2011ರ ಜನವರಿಯಲ್ಲಿ, ಅಂದ್ರೆ ಇಪ್ಪತ್ತು ವರ್ಷ ಬಿಟ್ಟು.

ಇದರ ಮಧ್ಯದಲ್ಲಿ ಪರಿಸರ ಪರಿಣಾಮದ ಅಧಿಸೂಚನೆ (ದೊಡ್ಡ ಯೋಜನೆಗೆ ಮೊದಲೇ ಪರಿಸರದ ಒಪ್ಪಿಗೆ, ಅಂದ್ರೆ ಕ್ಲಿಯರೆನ್ಸ್, ತಗೊಳ್ಬೇಕು ಅನ್ನುವ ನಿಯಮ), 1994ರಲ್ಲಿ ಒಂದು, 2006ರಲ್ಲಿ ಇನ್ನೊಂದು. ನಿಜವಾದ ಗಂಟು ಇರುದು ಇಲ್ಲಿ, ಸ್ವಲ್ಪ ನಿಧಾನ ಓದಿ. 2009ರ ಡಿಸೆಂಬರ್ 1ರ ತಿದ್ದುಪಡಿಯಲ್ಲಿ ಡ್ರೆಜ್ಜಿಂಗನ್ನು ಎರಡು ಮಾಡಿದ್ರು. ಹೊಸದಾಗಿ ಆಳ ಮಾಡುದು ಕ್ಯಾಪಿಟಲ್ ಡ್ರೆಜ್ಜಿಂಗ್, ಅದಕ್ಕೆ ಕ್ಲಿಯರೆನ್ಸ್ ಬೇಕು. ಇದ್ದ ಆಳವನ್ನು ಉಳಿಸ್ಕೊಳ್ಳುದು ಮೇಂಟೆನೆನ್ಸ್ ಡ್ರೆಜ್ಜಿಂಗ್, ಮೂಲ ಯೋಜನೆಯಲ್ಲೇ ಅದು ಸೇರಿದ್ದು ಆಗ ಕ್ಲಿಯರೆನ್ಸ್ ಸಿಕ್ಕಿದ್ರೆ ಪುನಃ ಬೇಡ. ಕೇಳ್ಲಿಕ್ಕೆ ಸರಿಯೇ, ವರ್ಷ ವರ್ಷ ಗುಡಿಸುವ ಅಂಗಳಕ್ಕೆ ವರ್ಷ ವರ್ಷ ಲೈಸೆನ್ಸ್ ಯಾರು ತಗೊಳ್ತಾರೆ? ಆದ್ರೆ ಈಗ ಓಡ್ತಿರುವ 12 ಮೇಜರ್ ಪೋರ್ಟುಗಳಲ್ಲಿ ಎಣ್ಣೂರು ಒಂದನ್ನು ಬಿಟ್ಟರೆ ಬಾಕಿ ಎಲ್ಲ 1994ಕ್ಕಿಂತ ಮೊದಲೇ ಕಟ್ಟಿದ್ದು. ಆಗ ಕ್ಲಿಯರೆನ್ಸ್ ಅನ್ನುವ ಈ ಪದ್ಧತಿಯೇ ಇರಲಿಲ್ಲ, ಮತ್ತೆ ಮೂಲ ಯೋಜನೆಯ ಪರಿಸರ ಪ್ಲಾನ್ ಎಲ್ಲಿಂದ ಹುಡುಕುದು? ಆಮೇಲಿನ ಒಂದೊಂದು ವಿಸ್ತರಣೆಯ ಕ್ಲಿಯರೆನ್ಸ್‌ನಲ್ಲಿ ತುಂಡು ತುಂಡಾಗಿ ಷರತ್ತು ಸೇರ್ತಾ ಬಂದದ್ದೇ ಹೊರತು ಸುರಿಯುವ ಕೆಲಸಕ್ಕೆ ಅಂತಲೇ ಒಂದು ಕಾನೂನು ಆಗ್ಲಿಲ್ಲ. ಮತ್ತೆ ಕಡಲಿನ ತಳಕ್ಕೆ ಬಿದ್ದ ಕೆಸರಿಗೆ ತಾನು ಕ್ಯಾಪಿಟಲ್ಲೋ ಮೇಂಟೆನೆನ್ಸೋ ಅಂತ ಗೊತ್ತಿರುದಿಲ್ಲ. ಒಮ್ಮೆ ಎತ್ತುವುದಕ್ಕೆ ಇಷ್ಟು ದಪ್ಪದ ರಿಪೋರ್ಟ್, ಪ್ರತಿ ವರ್ಷ ಎತ್ತುವುದಕ್ಕೆ ಹಳೇ ರಿಪೋರ್ಟ್.

ಇದು ನಮ್ಮಲ್ಲಿ ಮಾತ್ರ ಅಂತ ಅಲ್ಲ. ಆಸ್ಟ್ರೇಲಿಯಾದಲ್ಲಿ ಅಬಾಟ್ ಪಾಯಿಂಟ್ ಬಂದರಿನ 30 ಲಕ್ಷ ಕ್ಯುಬಿಕ್ ಮೀಟರ್ ಹೂಳನ್ನು ಗ್ರೇಟ್ ಬ್ಯಾರಿಯರ್ ರೀಫ್‌ನ ಮೆರೈನ್ ಪಾರ್ಕ್ ಒಳಗೆ ಸುರಿಲಿಕ್ಕೆ 2014ರಲ್ಲಿ ಪರ್ಮಿಟ್ ಕೊಟ್ಟು ದೊಡ್ಡ ರಂಪ ಆಯ್ತು, 2015ರಲ್ಲಿ ಪಾರ್ಕ್ ಒಳಗೆ ಕ್ಯಾಪಿಟಲ್ ಹೂಳು ಸುರಿಯುದು ಬ್ಯಾನ್. ಮೇಂಟೆನೆನ್ಸ್ ಹೂಳಿಗೆ ಬ್ಯಾನ್ ಇಲ್ಲ. 2019ರಲ್ಲಿ ಅಲ್ಲೇ ಇನ್ನೊಂದು ಬಂದರಿನ ಮೇಂಟೆನೆನ್ಸ್ ಹೂಳಿಗೆ ಪರ್ಮಿಟ್ ಸಿಕ್ಕಿದಾಗ ಜನ ಪುನಃ ಕಣ್ಣು ಬಿಟ್ಟರು.

ಹೂಳಿನಲ್ಲಿ ಏನುಂಟು ಅನ್ನುದು ಇನ್ನೊಂದು ಪ್ರಶ್ನೆ. ಹೊರಗಿನ ಚಾನೆಲ್‌ನ ಕೆಸರು ಹೆಚ್ಚಿನಂಶ ಶುದ್ಧವೇ ಇರ್ತದೆ. ಹಡಗು ಕಟ್ಟುವ ಬರ್ತ್‌ನ ಬುಡದ್ದು ಹಾಗಲ್ಲ, ಕಲ್ಲಿದ್ದಲು, ಅದಿರಿನ ಧೂಳು, ಎಣ್ಣೆ, ಹಡಗಿನ ತಳಕ್ಕೆ ಚಿಪ್ಪು ಹತ್ತದ ಹಾಗೆ ಬಳಿಯುವ ಪೇಂಟಿನ ವಿಷ, ಎಲ್ಲ ಅಲ್ಲಿ ಕೂತಿರ್ತದೆ. ರಾಟರ್‌ಡ್ಯಾಮ್‌ನವರು ಇಂಥ ಕೊಳಕು ಹೂಳಿಗೆ ಅಂತಲೇ 1987ರಲ್ಲಿ ಸ್ಲುಫ್ಟರ್ ಅನ್ನುವ ದೊಡ್ಡ ಹೊಂಡ ಕಟ್ಟಿ ಬೇರೆ ಇಟ್ಟರು. ನುಣ್ಣನೆಯ ಕೆಸರು ಅಡಿಯಲ್ಲಿ ಹರಡಿದ್ರೆ ಮೊದಲು ತೊಂದರೆ ಆಗುದು ಓಡಿ ಹೋಗ್ಲಿಕ್ಕೆ ಆಗದ ಜೀವಿಗಳಿಗೆ, ಚಿಪ್ಪಿನವು, ಹುಳದ ಜಾತಿಯವು. ಅದನ್ನು ತಿಂದು ಬದುಕುವ ನಂಗ್, ಸಿಗಡಿ ಆಮೇಲೆ. ಬೂತಾಯಿ, ಬಂಗುಡೆ ಮೇಲಿನ ನೀರಿನವು, ಅವು ಜಾಗ ಬಿಟ್ಟು ಹೋಗ್ತವೆ. ಬೂತಾಯಿ ಕಮ್ಮಿ ಆದದ್ದಕ್ಕೆಲ್ಲ ಡ್ರೆಜ್ಜರೇ ಕಾರಣ ಅಂತ ಹೇಳುವವರನ್ನು ನಾನು ಒಪ್ಪುದಿಲ್ಲ, ಅದಕ್ಕೆ ಬೇರೆ ಹತ್ತು ಕಾರಣ ಉಂಟು.

ಇನ್ನು ಮರಳಿನ ವಿಷಯ. ಒಂದು ಕಡೆ ಮರಳು ಎತ್ತಿ ಬಿಸಾಡ್ತಾರೆ, ಇನ್ನೊಂದು ಕಡೆ ಉಳ್ಳಾಲದಲ್ಲಿ ಕಲ್ಲು ತಂದು ಹಾಕ್ತಾರೆ ಅಂತ ಕೇಳಿರ್ತೀರಿ. ಅರ್ಧ ಸರಿ. ಪಣಂಬೂರಿನ ಚಾನೆಲ್‌ನ ಹೂಳು ಹೆಚ್ಚಾಗಿ ಜೇಡಿ ಕೆಸರು, ಅದನ್ನು ಬೀಚಿಗೆ ಹಾಕಿದ್ರೆ ಮೊದಲ ಅಲೆಗೇ ಹೋಗ್ತದೆ. ಅಳಿವೆ ಬಾಗಿಲಿನದ್ದು ಮರಳು, ಅದು ಉಪಯೋಗಕ್ಕೆ ಬರುವಂಥದ್ದು. ವಿಶಾಖಪಟ್ಟಣದಲ್ಲಿ ಬಂದರಿನ ಹತ್ತಿರ ಸೇರುವ ಮರಳನ್ನು ತೆಗೆದು ಪಂಪ್ ಮಾಡಿ ರಾಮಕೃಷ್ಣ ಬೀಚಿಗೆ ಹಾಕ್ತಾ ಬಂದಿದ್ದಾರೆ. ಉಳ್ಳಾಲಕ್ಕೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಸಾಲದಲ್ಲಿ ಅಲೆಯ ಪೆಟ್ಟು ತಡೆಯುವ ರೀಫ್, ಬರ್ಮ್ ಎಲ್ಲ ಬಂತು, ಅಲ್ಲಿ ಕೊರೆತ ನಿಂತರೆ ಆಚೆ ಸೋಮೇಶ್ವರ, ಉಚ್ಚಿಲದ ಕಡೆ ಶುರು ಅಂತ ಅಲ್ಲಿಯವರ ದೂರು. ಮರಳನ್ನು ಕರಾವಳಿಯ ಒಟ್ಟು ಲೆಕ್ಕದಲ್ಲಿ ನೋಡುವ ಆಫೀಸೇ ಇಲ್ಲ. ಮೇಜರ್ ಪೋರ್ಟು ಕೇಂದ್ರದ್ದು, ಸಣ್ಣ ಬಂದರು ರಾಜ್ಯದ್ದು, ದಕ್ಕೆ ಮೀನುಗಾರಿಕೆಯವರದ್ದು, ನದಿಯ ದಿಬ್ಬ ಜಿಲ್ಲಾಡಳಿತದ್ದು. ಮರಳು ಮಾತ್ರ ಎಲ್ಲರ ಗಡಿ ದಾಟಿ ಓಡಾಡ್ತಾ ಇರ್ತದೆ.

2019ರಲ್ಲಿ ಡ್ರೆಜ್ಜಿಂಗ್ ಅನ್ನುದು ಮಂಗಳೂರಿನ ಸಾಮಾನ್ಯ ಜನರ ಬಾಯಿಗೂ ಬಂತು. ಸೆಪ್ಟೆಂಬರ್ ಮೊದಲ ವಾರ ತ್ರಿದೇವಿ ಪ್ರೇಮ್ ಅನ್ನುವ ಡ್ರೆಜ್ಜರ್ ಬಂದರಿನ ಹೊರಗೆ ಮುಳುಗಿತು, ಪುಣ್ಯಕ್ಕೆ ಅದರಲ್ಲಿದ್ದವರೆಲ್ಲ ಬದುಕಿದ್ರು. ಅದೇ ವರ್ಷ ಭಗವತಿ ಪ್ರೇಮ್ ಅನ್ನುವ ಇನ್ನೊಂದು ಸುರತ್ಕಲ್ ಹತ್ತಿರ ಗುಡ್ಡೆಕೊಪ್ಲದ ತೀರಕ್ಕೆ ಬಂದು ಕೂತಿತು. ಜನ ಫ್ಯಾಮಿಲಿ ಸಮೇತ ಹೋಗಿ ಸೆಲ್ಫಿ ತೆಗೆದ್ರು. ಹೂಳೆತ್ತುವ ಹಡಗೇ ಹೂಳಾಗಿ ಕೂತದ್ದು ನೋಡಿದ ಮೇಲೆ, ಇದು ಇಲ್ಲಿ ಪ್ರತಿ ವರ್ಷ ಎಂತ ಮಾಡ್ಲಿಕ್ಕೆ ಬರ್ತದೆ ಅಂತ ಕೇಳಿದವರು ಸುಮಾರು ಜನ.

ಅದರ ನಂತರದ್ದು ಬೇಗ ಹೇಳಿ ಬಿಡ್ತೇನೆ. ಪಕ್ಕದ ಗೋವಾದಲ್ಲಿ ಮುರ್ಗಾಂವ್ ಬಂದರಿನ ಡ್ರೆಜ್ಜಿಂಗ್ ಮೊದಲೇ ಹಸಿರು ಪೀಠದ ಮೆಟ್ಟಿಲು ಹತ್ತಿ, 2017ರಲ್ಲಿ ವಾಸ್ಕೊದಲ್ಲಿ ಜನರ ಅಹವಾಲು ಕೇಳ್ಬೇಕಾಗಿ ಬಂದಿತ್ತು. 2020ರ ಜನವರಿಯಲ್ಲಿ ಕಾರವಾರದಲ್ಲಿ ಬಂದರು ವಿಸ್ತರಣೆ ವಿರುದ್ಧ ಮೀನುಗಾರರು ಬೀದಿಗೆ ಬಂದ್ರು, ಆಮೇಲೆ ಹೊನ್ನಾವರದ ಕಾಸರಕೋಡು ಟೊಂಕ, ಅಂಕೋಲೆಯ ಕೇಣಿ. ಪ್ರತಿಭಟನೆಯಲ್ಲಿ ಕೇಳುವ ಮಾತು ಬ್ರೇಕ್‌ವಾಟರ್, ಜಾಗ, ರಸ್ತೆ. ಹೂಳು ಎಲ್ಲಿಗೆ ಅನ್ನುದು ಕರಪತ್ರದ ಕೊನೆಯ ಸಾಲಿಗೂ ಬರುದು ಅಪರೂಪ. ಕೇಂದ್ರ 2021ರಲ್ಲಿ ಮೇಜರ್ ಪೋರ್ಟುಗಳಿಗೆ ಡ್ರೆಜ್ಜಿಂಗ್ ಮಾರ್ಗಸೂಚಿ ಮಾಡಿತು, ಟೆಂಡರ್, ಸರ್ವೆ, ಹೂಳಿನ ಮರುಬಳಕೆ ಎಲ್ಲ ಅದರಲ್ಲಿ ಉಂಟು, ಆದ್ರೆ ಮಾರ್ಗಸೂಚಿ ಕಾನೂನಲ್ಲ, ಮತ್ತೆ ಸಣ್ಣ ಬಂದರುಗಳಿಗೆ ಅದು ಲಾಗೂ ಅಲ್ಲ. 2025ರಲ್ಲಿ 1908ರ ಆಕ್ಟ್ ಹೋಗಿ ಹೊಸ ಬಂದರು ಕಾಯ್ದೆ ಬಂತು.

ತಾಂತ್ರಿಕವಾಗಿ ಕಷ್ಟ ಏನಿಲ್ಲ. ಡ್ರೆಜ್ಜರ್ ಎಲ್ಲಿಗೆ ಹೋಯ್ತು, ತಳದ ಬಾಗಿಲು ಎಷ್ಟು ಗಂಟೆಗೆ ಯಾವ ಜಾಗದಲ್ಲಿ ತೆರೀತು, ಎಲ್ಲ ಹಡಗಿನ ಕಂಪ್ಯೂಟರಲ್ಲೇ ದಾಖಲು ಮಾಡಬಹುದು. ಅದನ್ನು ಮೀನುಗಾರಿಕೆ ಸೊಸೈಟಿಯ ಗೋಡೆಗೆ ಅಂಟಿಸ್ಬೇಕು ಅಂತ ಯಾವ ನಿಯಮವೂ ಹೇಳುದಿಲ್ಲ. ನಿಯಮ ಹೇಳುದು ಇಷ್ಟು: ಕ್ಲಿಯರೆನ್ಸ್ ತಗೊಂಡವರು ಷರತ್ತು ಪಾಲಿಸಿದ್ದರ ರಿಪೋರ್ಟನ್ನು ವರ್ಷಕ್ಕೆರಡು ಸಲ, ಜೂನ್ 1ಕ್ಕೆ ಮತ್ತು ಡಿಸೆಂಬರ್ 1ಕ್ಕೆ ಕೊಡ್ಬೇಕು. ಜೂನ್ 1 ಅಂದ್ರೆ ನಮ್ಮಲ್ಲಿ 61 ದಿವಸದ ಮೀನುಗಾರಿಕೆ ರಜೆ ಶುರು ಆಗುವ ದಿವಸವೂ ಹೌದು. ಬೋಟುಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ಕಟ್ಟಿರ್ತವೆ, ಬಲೆ ಒಣಗ್ತಾ ಇರ್ತದೆ, ಹೂಳು ಬಿದ್ದ ಜಾಗದಲ್ಲಿ ಬಲೆಗೆ ಎಂತ ಬಂತು ಅಂತ ಹೇಳ್ಲಿಕ್ಕೆ ಗೊತ್ತಿರುವ ಜನ ಅಷ್ಟೂ ದಡದಲ್ಲೇ ಕೂತು ಹೊಲಿಗೆ ಹಾಕ್ತಿರ್ತಾರೆ. ರಿಪೋರ್ಟ್ ಆಫೀಸಿಂದ ಆಫೀಸಿಗೆ ಹೋಗ್ತದೆ.